ಓದುಗರ ಪ್ರಶ್ನೆಗಳಿಗೆ ಉತ್ತರ: ಗೋಡೆಯ ಹಾವಸೆಯಿಂದ ತೋಟದ ಕಾಳುಮೆಣಸಿನವರೆಗೆ

ಈ ಸಲ ಬಂದ ಪತ್ರಗಳಲ್ಲಿ ಸಸ್ಯಗಳ ಮೂಲ ಮತ್ತು ವರ್ಗೀಕರಣದ ಪ್ರಶ್ನೆಗಳೇ ಹೆಚ್ಚು. ಉತ್ತರಗಳಿಗೆ ಮೊದಲು ಒಂದು ಸೂಚನೆ. ಗಿಡ ಯಾವ ಗುಂಪಿನದು ಎಂದು ತಿಳಿಯಬೇಕಾದರೆ ಎತ್ತರ, ಎಲೆಯ ಆಕಾರ, ಒಟ್ಟಾರೆ ಚಹರೆ ಇವನ್ನು ನಂಬಿ ಕೂರಬೇಡಿ. ಗಂಡು ಕಣ ಅಂಡಾಣುವಿನವರೆಗೆ ಹೇಗೆ ಹೋಗುತ್ತದೆ, ಭ್ರೂಣ ಎಲ್ಲಿ ಬೆಳೆಯುತ್ತದೆ ಎಂಬುದನ್ನು ಹುಡುಕಿ. ಕೆಳಗಿನ ಹೆಚ್ಚಿನ ಗೊಂದಲಗಳು ಅಲ್ಲಿಗೆ ಬಗೆಹರಿಯುತ್ತವೆ.

ಪ್ರಶ್ನೆ: ಸಸ್ಯಗಳು ನೀರಿನಿಂದ ನೆಲಕ್ಕೆ ಬಂದವು ಎಂದು ಪಾಠದಲ್ಲಿದೆ. ಹಾಗಾದರೆ ಸಮುದ್ರದ ಪಾಚಿಯೇ ದಡ ಹತ್ತಿ ಗಿಡವಾಯಿತೇ? ಸಾಕ್ಷಿ ಏನಿದೆ?
— ಪಿಯುಸಿ ವಿದ್ಯಾರ್ಥಿನಿ, ಕುಮಟಾ

ಸಮುದ್ರದಿಂದಲ್ಲ, ಸಿಹಿನೀರಿನಿಂದ. ನಿಮ್ಮೂರ ಕಡಲತೀರದಲ್ಲಿ ಸಿಗುವ ಕಂದು ಶೈವಲ (ಪಾಚಿ) ಹಸಿರು ಗಿಡಗಳ ವಂಶದ್ದೇ ಅಲ್ಲ. ಕೆಂಪು ಶೈವಲ ದೂರದ ನೆಂಟ. ಬಂಡೆಗೆ ಅಂಟಿರುವ ಹಸಿರು ಹಾಳೆಯಂಥ ‘ಉಲ್ವಾ’ ಹಸಿರು ಶೈವಲವೇ ಆದರೂ ಅದು ಬೇರೆ ಕವಲು. ನೆಲದ ಗಿಡಗಳಿಗೆ ತೀರಾ ಹತ್ತಿರದ ಬಂಧುಗಳು ಕೆರೆ, ಗದ್ದೆ, ಒದ್ದೆ ಮಣ್ಣುಗಳಲ್ಲಿ ಬದುಕುವ ಜಿಗ್ನಿಮಾ ಗುಂಪಿನ ಶೈವಲಗಳು. ನೀವು ಪ್ರಯೋಗಾಲಯದಲ್ಲಿ ನೋಡಿರುವ ಸ್ಪೈರೋಗೈರಾ ಈ ಗುಂಪಿನದೇ. ಇದು ಹಲವರಿಗೆ ಒಪ್ಪಿಗೆಯಾಗುವುದಿಲ್ಲ, ಏಕೆಂದರೆ ನೋಡಲು ಗಿಡದಂತಿರುವುದು ಕಾರಾ ಎಂಬ ಇನ್ನೊಂದು ಶೈವಲ. ಅದಕ್ಕೆ ಗೆಣ್ಣುಗಳಿವೆ, ಸುತ್ತ ಕೊಂಬೆಗಳಿವೆ. ಆದರೆ ಜೀನ್‌ಗಳನ್ನು ಹೋಲಿಸಿದಾಗ ಹತ್ತಿರ ನಿಲ್ಲುವುದು ಎಳೆಯಂಥ ಸ್ಪೈರೋಗೈರಾದ ಬಳಗವೇ. ಈ ಗುಂಪಿನ ಎರಡು ಪ್ರಭೇದಗಳ ಪೂರ್ಣ ಜೀನೋಮ್ 2019ರಲ್ಲಿ ಪ್ರಕಟವಾಯಿತು. ಒಣಗುವಿಕೆಯನ್ನು ತಾಳಿಕೊಳ್ಳಲು ಗಿಡಗಳು ಬಳಸುವ ಕೆಲವು ಜೀನ್ ಕುಟುಂಬಗಳು ಈ ಶೈವಲಗಳಲ್ಲಿ ಆಗಲೇ ಇವೆ. ಅವುಗಳಲ್ಲಿ ಕೆಲವು ಮಣ್ಣಿನ ಬ್ಯಾಕ್ಟೀರಿಯಾಗಳಿಂದ ಬಂದಿರಬಹುದು ಎಂದು ಆ ಅಧ್ಯಯನ ಹೇಳಿತು. ಅಂದರೆ ನೆಲಕ್ಕೆ ಬೇಕಾದ ಸಿದ್ಧತೆಯಲ್ಲಿ ಒಂದಿಷ್ಟು, ಕೆರೆಯಂಚಿನ ಒಣಗಿ ನೆನೆಯುವ ಬದುಕಿನಲ್ಲೇ ಆಗಿತ್ತು.

ಪಳೆಯುಳಿಕೆಯ ಸಾಕ್ಷಿ ಮೂರು ಹಂತದ್ದು. ಅತಿ ಹಳೆಯವು ಗಿಡಗಳಲ್ಲ, ಬರೀ ಬೀಜಕಗಳು, ಅಂದರೆ ಬೀಜವಿಲ್ಲದ ಗಿಡಗಳು ವಂಶ ಹರಡಲು ಉದುರಿಸುವ ಪುಡಿಯಂಥ ಕಣಗಳು. ಸುಮಾರು 47 ಕೋಟಿ ವರ್ಷ ಹಿಂದಿನವು. ಅವುಗಳ ಗೋಡೆಯಲ್ಲಿರುವ ಸ್ಪೋರೊಪೊಲೆನಿನ್ ಸಾವಯವ ವಸ್ತುಗಳಲ್ಲೇ ಅತಿ ಗಟ್ಟಿಯಾದವುಗಳಲ್ಲಿ ಒಂದು. ಬಂಡೆಯನ್ನು ಹೈಡ್ರೋಫ್ಲೋರಿಕ್ ಆಮ್ಲದಲ್ಲಿ ಕರಗಿಸಿದರೂ ಬೀಜಕ ಕರಗದೆ ಉಳಿಯುತ್ತದೆ, ಹಾಗಾಗಿಯೇ ಅವು ನಮ್ಮ ಕೈಗೆ ಸಿಕ್ಕವು. ಎರಡನೆಯದು ಸುಮಾರು 43 ಕೋಟಿ ವರ್ಷ ಹಿಂದಿನ ಕುಕ್ಸೋನಿಯಾ. ಕೆಲವೇ ಸೆಂಟಿಮೀಟರ್ ಎತ್ತರ, ಎಲೆಯಿಲ್ಲ, ಎರಡೆರಡಾಗಿ ಕವಲೊಡೆಯುವ ಕಡ್ಡಿ, ತುದಿಯಲ್ಲಿ ಬೀಜಕದ ಚೀಲ. ಮೂರನೆಯದು, ಎಲ್ಲಕ್ಕಿಂತ ಅಮೂಲ್ಯವಾದದ್ದು, ಸ್ಕಾಟ್‌ಲೆಂಡಿನ ರೈನಿ ಹಳ್ಳಿಯ ಶಿಲೆ. ವಿಲಿಯಂ ಮ್ಯಾಕಿ ಎಂಬ ವೈದ್ಯರು 1912ರಲ್ಲಿ ಇದನ್ನು ಗುರುತಿಸಿದರು. ಸುಮಾರು 40.7 ಕೋಟಿ ವರ್ಷಗಳ ಹಿಂದೆ ಅಲ್ಲಿದ್ದ ಬಿಸಿನೀರ ಬುಗ್ಗೆಯ ಸಿಲಿಕಾ ಗಿಡಗಳನ್ನು ನಿಂತಲ್ಲೇ ಕಲ್ಲಾಗಿಸಿತು. ತೆಳ್ಳಗೆ ಉಜ್ಜಿ ಸೂಕ್ಷ್ಮದರ್ಶಕದಲ್ಲಿಟ್ಟರೆ ಪತ್ರರಂಧ್ರ, ನೀರು ಸಾಗಿಸುವ ಕೊಳವೆ, ಬೀಜಕ, ಜೀವಕೋಶದೊಳಗಿನ ಶಿಲೀಂಧ್ರ ಎಲ್ಲವೂ ಕಾಣುತ್ತವೆ.

ಆ ಶಿಲೀಂಧ್ರದ ವಿಷಯ ಪಠ್ಯಪುಸ್ತಕಗಳಲ್ಲಿ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ, ಆಗಬಾರದು. ಆಗಿನ ಗಿಡಗಳಿಗೆ ಇವತ್ತಿನಂಥ ಬೇರಿರಲಿಲ್ಲ. ಬಂಡೆ, ಮರಳುಗಳಿಂದ ರಂಜಕವನ್ನು ಹೆಕ್ಕಿಕೊಡುತ್ತಿದ್ದದ್ದು ಶಿಲೀಂಧ್ರದ ಎಳೆಗಳು, ಬದಲಿಗೆ ಗಿಡ ಸಕ್ಕರೆ ಕೊಡುತ್ತಿತ್ತು. ಸಸಿಮಡಿಗೆ ರೈತರು ಹಾಕುವ ‘ವ್ಯಾಮ್’ ಇದೇ ಬಳಗದ ಶಿಲೀಂಧ್ರ. ರಂಜಕದ ರಸಗೊಬ್ಬರ ಧಾರಾಳವಾಗಿ ಬಿದ್ದ ಮಡಿಯಲ್ಲಿ ವ್ಯಾಮ್ ಕೆಲಸ ಮಾಡದಿರುವುದಕ್ಕೂ ಇದೇ ಕಾರಣ: ರಂಜಕ ಸುಲಭಕ್ಕೆ ಸಿಗುವಾಗ ಗಿಡ ಶಿಲೀಂಧ್ರಕ್ಕೆ ಸಕ್ಕರೆ ಖರ್ಚು ಮಾಡುವುದಿಲ್ಲ.

ಪ್ರಶ್ನೆ: ಮಳೆಗಾಲದಲ್ಲಿ ಅಂಗಳದಲ್ಲಿ ಜಾರುವ ಪಾಚಿಯೂ ಕಾಂಪೌಂಡ್ ಗೋಡೆಯ ಮೆತ್ತನೆಯ ಹಸಿರು ಹಾಸೂ ಒಂದೇನಾ? ಬೇಸಿಗೆಯಲ್ಲಿ ಸುಟ್ಟಂತಾದದ್ದು ಒಂದೇ ಮಳೆಗೆ ಹೇಗೆ ಚಿಗುರುತ್ತದೆ?
— ಗೃಹಿಣಿ, ಸಾಗರ

ಬೇರೆ ಬೇರೆ. ಅಂಗಳದ ಕಪ್ಪು-ಹಸಿರು ಲೋಳೆ ಬಹುಪಾಲು ನೀಲಿ-ಹಸಿರು ಬ್ಯಾಕ್ಟೀರಿಯಾ ಮತ್ತು ಶೈವಲಗಳದ್ದು. ಗೋಡೆಯ ಹಾಸು ಮಾಸ್, ಅಂದರೆ ಬ್ರಯೋಫೈಟಾ ಗುಂಪಿನ ನಿಜವಾದ ಗಿಡ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರ ಹಿಡಿದರೆ ಪುಟ್ಟ ಕಾಂಡ, ಸುತ್ತ ಎಲೆಗಳು ಕಾಣುತ್ತವೆ. ಮಳೆಗಾಲ ಮುಗಿಯುವ ಹೊತ್ತಿಗೆ ಮೇಲೆ ಕಂದು ಕಡ್ಡಿ ಎದ್ದು ತುದಿಯಲ್ಲಿ ಡಬ್ಬಿ ಕಟ್ಟಿಕೊಳ್ಳುತ್ತದೆ. ಬೀಜಕ ಇರುವುದು ಅದರಲ್ಲಿ.

ಮಾಸ್‌ಗೆ ನೀರು ಹೀರುವ ಬೇರಿಲ್ಲ, ಇರುವ ಎಳೆಗಳು ಗೋಡೆಗೆ ಹಿಡಿದುಕೊಳ್ಳಲು ಮಾತ್ರ. ನೀರನ್ನು ಮೈಯೆಲ್ಲ ಹೀರುತ್ತದೆ, ಮೈಯೆಲ್ಲ ಕಳೆದುಕೊಳ್ಳುತ್ತದೆ. ಗಾಳಿ ಒಣಗಿದಾಗ ತಾನೂ ಒಣಗಿ ಉಸಿರಾಟವನ್ನೇ ಹೆಚ್ಚುಕಡಿಮೆ ನಿಲ್ಲಿಸುತ್ತದೆ, ಸಾಯುವುದಿಲ್ಲ. ಇಂಥ ಬದುಕಿಗೆ ಬೆಲೆಯೂ ಇದೆ. ಗಂಡು ಕಣ ನೀರಿನ ತೆಳು ಪದರದಲ್ಲಿ ಈಜಿಯೇ ಅಂಡಾಣುವನ್ನು ಮುಟ್ಟಬೇಕು, ಲಿಗ್ನಿನ್ ತುಂಬಿದ ಗಟ್ಟಿ ಕೊಳವೆಗಳಿಲ್ಲ, ಹಾಗಾಗಿ ಮಾಸ್ ಎತ್ತರಕ್ಕೆ ಹೋಗಲಾರದು. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಕಡೆಯ ಡಾಸೋನಿಯಾ ಅರ್ಧ ಮೀಟರ್ ಮುಟ್ಟಿದರೆ ಅದೇ ದಾಖಲೆ.

ಗೋಡೆಯಿಂದ ತೆಗೆಯಬೇಕೆಂದಿದ್ದರೆ ಒಣಗಿದಾಗ ತಂತಿ ಬ್ರಷ್‌ನಲ್ಲಿ ಉಜ್ಜಿ. ನೀರು ಜಿನುಗುವ ಜಾಗವನ್ನು ಸರಿಪಡಿಸದೆ ಬರೀ ಉಜ್ಜಿದರೆ ಮುಂದಿನ ಮಳೆಗೆ ಮತ್ತೆ ಬರುತ್ತದೆ.

ಪ್ರಶ್ನೆ: ಜರೀಗಿಡದ ಜೀವನಚಕ್ರವನ್ನು ಬೋರ್ಡಿನ ಮೇಲೆ ಬರೆದು ಪಾಠ ಮಾಡುತ್ತೇವೆ. ಪ್ರೋಥ್ಯಾಲಸ್ಸನ್ನು ಮಕ್ಕಳಿಗೆ ನಿಜವಾಗಿ ಬೆಳೆಸಿ ತೋರಿಸಬಹುದೇ? ಎರಡು ಸಲ ಬೀಜಕ ಬಿತ್ತಿದರೂ ಬೂಸ್ಟು ಹಿಡಿಯಿತು.
— ಹೈಸ್ಕೂಲು ವಿಜ್ಞಾನ ಶಿಕ್ಷಕಿ, ತೀರ್ಥಹಳ್ಳಿ

ಬೀಜಕ ಮೊಳೆತಾಗ ಮೊದಲು ಬರುವ ಪುಟ್ಟ ಹಸಿರು ಹಾಳೆಯೇ ಪ್ರೋಥ್ಯಾಲಸ್. ಅದನ್ನು ಖಂಡಿತ ಬೆಳೆಸಬಹುದು, ಖರ್ಚೂ ಇಲ್ಲ. ಒಂದು ಸೆಮಿಸ್ಟರಿನ ಕಾಲ ಬೇಕು. ಕೆಡುವುದು ಸಾಮಾನ್ಯವಾಗಿ ಮೊದಲ ಎರಡು ಹೆಜ್ಜೆಗಳಲ್ಲಿ, ಆದ್ದರಿಂದ ಅವನ್ನು ವಿವರವಾಗಿ ಹೇಳುತ್ತೇವೆ.

ಎಲೆಯ ಆಯ್ಕೆ ಮೊದಲನೆಯದು. ಕುಂಡದಲ್ಲಿ ಬೆಳೆಸುವ ಬೋಸ್ಟನ್ ಫರ್ನ್ ಬೇಡ, ಅದರ ತಳಿಗಳಲ್ಲಿ ಮೊಳೆಯುವ ಬೀಜಕ ಸಿಗುವುದು ಅಪರೂಪ. ಹಳೆಯ ಬಾವಿಯ ಕಟ್ಟೆ, ಸೇತುವೆಯ ಗೋಡೆಗಳಲ್ಲಿ ಬೆಳೆಯುವ ಟೆರಿಸ್ ವಿಟ್ಟಾಟಾ ಒಳ್ಳೆಯದು. ಉದ್ದನೆಯ ಎಲೆ, ಎರಡು ಬದಿಗೆ ಪಟ್ಟಿಯಂಥ ಕಿರುಎಲೆಗಳು. ಬೀಜಕದ ಚೀಲಗಳು ಕಿರುಎಲೆಯ ಅಂಚು ಒಳಕ್ಕೆ ಮಡಚಿಕೊಂಡ ಕಡೆ ಗೆರೆಯಾಗಿ ಇರುತ್ತವೆ. ಆ ಗೆರೆ ಹಸಿರಾಗಿದ್ದರೆ ಬಲಿತಿಲ್ಲ. ಹೊಳೆಯುವ ಗಾಢ ಕಂದು ಇದ್ದರೆ ಸರಿಯಾದ ಹೊತ್ತು. ಮಾಸಲು ಕಂದಾಗಿ ಹರಿದ ನಾರಿನಂತಿದ್ದರೆ ಬೀಜಕ ಆಗಲೇ ಹಾರಿಹೋಗಿದೆ, ನೀವು ಬಿತ್ತುವುದು ಬರೀ ಹೊಟ್ಟು.

ಎಲೆಯನ್ನು ನುಣುಪಾದ ಬಿಳಿ ಹಾಳೆಯ ಮೇಲೆ, ಬೀಜಕದ ಬದಿ ಕೆಳಗೆ ಬರುವಂತಿಟ್ಟು ಮೇಲೆ ಇನ್ನೊಂದು ಹಾಳೆ ಮುಚ್ಚಿ ಒಣ ಕೋಣೆಯಲ್ಲಿ ಒಂದೆರಡು ದಿನ ಬಿಡಿ. ಫ್ಯಾನ್ ಬೇಡ. ಎಲೆ ತೆಗೆದಾಗ ಹಾಳೆಯ ಮೇಲೆ ಕಂದು ಪುಡಿ ಇರುತ್ತದೆ. ಹಾಳೆಯನ್ನು ಓರೆಯಾಗಿ ಹಿಡಿದು ಬೆರಳಿನಿಂದ ಮೆಲ್ಲಗೆ ತಟ್ಟಿ. ಹೊಟ್ಟು ಉರುಳಿ ಬೀಳುತ್ತದೆ, ಬೀಜಕ ಹಾಳೆಗೆ ಅಂಟಿ ಉಳಿಯುತ್ತದೆ. ನಿಮಗೆ ಬೂಸ್ಟು ಹಿಡಿದದ್ದು ಈ ಬೇರ್ಪಡಿಸುವ ಕೆಲಸ ಆಗದೆ ಇರಬೇಕು, ಏಕೆಂದರೆ ಬೂಸ್ಟಿಗೆ ಆಹಾರ ಆ ಹೊಟ್ಟೇ.

ಬಿತ್ತಲು ಅರ್ಧ ಇಟ್ಟಿಗೆ ಸಾಕು. ಚೆನ್ನಾಗಿ ತೊಳೆದು ಅರ್ಧ ಗಂಟೆ ಕುದಿಸಿ, ಮುಚ್ಚಿಟ್ಟೇ ಆರಿಸಿ. ಪಾರದರ್ಶಕ ಡಬ್ಬದಲ್ಲಿ ಎರಡು ಸೆಂಟಿಮೀಟರ್ ಕುದಿಸಿ ಆರಿಸಿದ ನೀರು ಹಾಕಿ ಇಟ್ಟಿಗೆ ಇಡಿ. ಮೇಲ್ಮೈ ಒದ್ದೆಯಾಗಿರಬೇಕು, ನೀರು ನಿಲ್ಲಬಾರದು. ಒಂದು ಅಡಿ ಎತ್ತರದಿಂದ ಹಾಳೆ ತಟ್ಟಿ ಪುಡಿಯನ್ನು ತೀರಾ ತೆಳ್ಳಗೆ ಉದುರಿಸಿ, ಮಣ್ಣು ಮುಚ್ಚಬೇಡಿ. ಹೆಚ್ಚಿನ ಜರೀಗಿಡಗಳ ಬೀಜಕ ಬೆಳಕಿಲ್ಲದೆ ಮೊಳೆಯುವುದಿಲ್ಲ. ಡಬ್ಬದ ಬಾಯಿ ಮುಚ್ಚಿ, ಬೆಳಕು ಬರುವ ಆದರೆ ಬಿಸಿಲು ಬೀಳದ ಕಿಟಕಿಯ ಬಳಿ ಇಡಿ. ನೇರ ಬಿಸಿಲಿಗೆ ಮುಚ್ಚಿದ ಡಬ್ಬ ಒಂದೇ ಮಧ್ಯಾಹ್ನದಲ್ಲಿ ಬೇಯುತ್ತದೆ.

ಎರಡು ಮೂರು ವಾರಕ್ಕೆ ಹಸಿರು ಮಸುಕು, ಆರರಿಂದ ಎಂಟು ವಾರಕ್ಕೆ ಹೃದಯದಾಕಾರದ, ಅರ್ಧ ಸೆಂಟಿಮೀಟರಿನಷ್ಟಗಲದ ಪ್ರೋಥ್ಯಾಲಸ್‌ಗಳು ಬರುತ್ತವೆ. ಅವಸರ ಬೇಡ, ತಂಪಿನಲ್ಲಿ ಇನ್ನೂ ತಡವಾಗಬಹುದು. ದಟ್ಟವಾಗಿ ಬಿತ್ತಿದ್ದರೆ ಹೃದಯಾಕಾರ ಬರದೆ ಸಣ್ಣ ನಾಲಿಗೆಗಳಂತೆ ಉಳಿಯುತ್ತವೆ, ಅವುಗಳಲ್ಲಿ ಗಂಡು ಅಂಗಗಳೇ ಹೆಚ್ಚು. ಅನೇಕ ಜರೀಗಿಡಗಳಲ್ಲಿ ಮೊದಲು ಬಲಿತ ಪ್ರೋಥ್ಯಾಲಸ್ ಹೊರಬಿಡುವ ಹಾರ್ಮೋನು ಪಕ್ಕದ ಎಳೆಯವನ್ನು ಗಂಡಾಗಿಸುತ್ತದೆ. ಹಾಗಾಗಿದ್ದರೆ ಚಿಮುಟದಿಂದ ಕೆಲವನ್ನು ಎತ್ತಿ ಅಂತರ ಬಿಟ್ಟು ಬೇರೆ ಇಟ್ಟಿಗೆಗೆ ಹಚ್ಚಿ.

ಇಲ್ಲಿಂದ ಮುಂದೆ ಅನೇಕರ ಪ್ರಯೋಗ ನಿಂತುಬಿಡುತ್ತದೆ. ಪ್ರೋಥ್ಯಾಲಸ್ ತಿಂಗಳುಗಟ್ಟಲೆ ಹಾಗೇ ಇರುತ್ತದೆ, ಗಿಡ ಹುಟ್ಟುವುದಿಲ್ಲ. ಕಾರಣ ಸರಳ: ಇಟ್ಟಿಗೆ ಕೆಳಗಿನಿಂದ ನೀರು ಹೀರಿದರೂ ಗಂಡು ಕಣ ಈಜಲು ಬೇಕಾದ ನೀರಿನ ಪದರ ಇರುವುದಿಲ್ಲ. ಗಂಡು, ಹೆಣ್ಣು ಅಂಗಗಳೆರಡೂ ಇರುವುದು ಕೆಳಮೈಯಲ್ಲಿ, ಹೆಣ್ಣು ಅಂಗಗಳು ಹೃದಯದ ಕಚ್ಚಿನ ಹತ್ತಿರ. ಆದ್ದರಿಂದ ವಾರಕ್ಕೆ ಎರಡು ಸಲ ಕುದಿಸಿ ಆರಿಸಿದ ನೀರನ್ನು, ಕೆಳಮೈಗೂ ಇಳಿಯುವಷ್ಟು ಸಿಂಪಡಿಸಿ. ಮುಂದಿನ ಒಂದೆರಡು ತಿಂಗಳಲ್ಲಿ ಕಚ್ಚಿನಿಂದ ಮೊದಲ ಪುಟ್ಟ ಎಲೆ ಏಳುತ್ತದೆ.

ಮೈಕ್ರೋಸ್ಕೋಪ್ ಇದ್ದರೆ ಇನ್ನೊಂದು ಕೆಲಸ ಮಾಡಿ. ಬಲಿತ ಪ್ರೋಥ್ಯಾಲಸ್‌ಗಳಿಗೆ ಒಂದೆರಡು ದಿನ ಸಿಂಪರಣೆ ನಿಲ್ಲಿಸಿ, ಆಮೇಲೆ ಒಂದನ್ನು ಕೆಳಮೈ ಮೇಲಾಗಿ ನೀರ ಹನಿಯಲ್ಲಿಡಿ. ಕೆಲವೇ ನಿಮಿಷಗಳಲ್ಲಿ ಗಂಡು ಅಂಗಗಳು ಒಡೆದು ಸುರುಳಿಯಾಕಾರದ ಕಣಗಳು ಈಜುತ್ತ ಹೊರಬರುತ್ತವೆ. ನೆಲದ ಗಿಡಕ್ಕೂ ನೀರಿನ ಹಂಗು ಇದೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಪಾಠ ನಮಗೆ ಗೊತ್ತಿಲ್ಲ. ಡಬ್ಬದಲ್ಲಿ ನೀಲಿ-ಹಸಿರು ಲೋಳೆ ಕಂಡರೆ ಎಲ್ಲೋ ಕುದಿಸದ ನೀರು ಸೇರಿದೆ ಎಂದರ್ಥ. ಅಂಥ ಡಬ್ಬವನ್ನು ಉಳಿಸಲು ಹೋಗದೆ ಹೊಸದಾಗಿ ಬಿತ್ತಿ.

ಪ್ರಶ್ನೆ: ಶೈವಲ, ಮಾಸ್, ಜರೀಗಿಡ, ಸೈಕಾಸ್, ಹೂಗಿಡ ಎಂದು ಮೆಟ್ಟಿಲಿನ ಚಿತ್ರ ಪಠ್ಯದಲ್ಲಿದೆ. ಮಾಸ್‌ನಿಂದ ಜರೀಗಿಡ ಹುಟ್ಟಿತೇ?
— ಬಿ.ಎಸ್ಸಿ. ವಿದ್ಯಾರ್ಥಿ, ಧಾರವಾಡ

ಇಲ್ಲ. ಮಾಸ್ ಮತ್ತು ಜರೀಗಿಡ ಅಜ್ಜ-ಮೊಮ್ಮಗ ಅಲ್ಲ, ದಾಯಾದಿಗಳು. ಮಾಸ್ ಮತ್ತು ಅದರಂತೆಯೇ ಪುಟ್ಟ ಗಿಡಗಳಾದ ಲಿವರ್‌ವರ್ಟ್, ಹಾರ್ನ್‌ವರ್ಟ್ ಮೂರೂ ಸೇರಿ ಒಂದೇ ಕವಲು, ಕೊಳವೆಗಳುಳ್ಳ ಸಸ್ಯಗಳು ಇನ್ನೊಂದು ಕವಲು ಎಂಬ ಅಭಿಪ್ರಾಯಕ್ಕೆ ಈಚಿನ ಜೀನ್ ಅಧ್ಯಯನಗಳು ಬಲ ಕೊಟ್ಟಿವೆ. ಮೆಟ್ಟಿಲಿನ ಚಿತ್ರ ಪರೀಕ್ಷೆಗೆ ಅನುಕೂಲ, ವಿಕಾಸಕ್ಕೆ ತಪ್ಪು. ಕೊಳವೆಗಳಿದ್ದೂ ಬೀಜವಿಲ್ಲದ ಗಿಡಗಳಿಗೆ ಪಠ್ಯದಲ್ಲಿರುವ ‘ಟೆರಿಡೋಫೈಟಾ’ ಎಂಬ ಗುಂಪು ಕೂಡ ಒಂದು ವಂಶವಲ್ಲ. ಸೆಲಾಜಿನೆಲ್ಲಾ, ಲೈಕೊಪೋಡಿಯಂ ಮೊದಲೇ ಬೇರೆಯಾದವು. ಜರೀಗಿಡ ಅವುಗಳಿಗಿಂತ ಮಾವಿನ ಮರಕ್ಕೇ ಹತ್ತಿರ. ಈಕ್ವಿಸೀಟಮ್ ಮತ್ತು ಸೈಲೋಟಮ್ ಎರಡನ್ನೂ ಈಗ ಜರೀಗಿಡಗಳ ಗುಂಪಿನೊಳಗೇ ಇಡುತ್ತಾರೆ.

ಪ್ರಶ್ನೆ: ಗಾಳಿ ಮರ, ಸಿಲ್ವರ್ ಓಕ್ ಎರಡೂ ಪೈನ್ ಜಾತಿಯವೇ? ಗಾಳಿ ಮರಕ್ಕೆ ಸೂಜಿಯಂಥ ಎಲೆಯೂ ಇದೆ, ಕೋನೂ ಇದೆ.
— ಕೃಷಿಕ, ಹೊನ್ನಾವರ

ಎರಡೂ ಹೂಬಿಡುವ ಸಸ್ಯಗಳೇ. ಗಾಳಿ ಮರದ ಒಂದು ‘ಸೂಜಿ’ಯನ್ನು ಎರಡು ತುದಿ ಹಿಡಿದು ಎಳೆಯಿರಿ, ಗೆಣ್ಣಿನಲ್ಲಿ ಕಳಚುತ್ತದೆ. ಗೆಣ್ಣಿನ ಸುತ್ತ ಆರರಿಂದ ಎಂಟು ಹಲ್ಲುಗಳಿರುತ್ತವೆ, ನಿಜವಾದ ಎಲೆಗಳು ಅವೇ. ಸೂಜಿಯೆಂದು ಕಂಡದ್ದು ಹಸಿರು ಕಿರುಕೊಂಬೆ. ಕೋನಿನಂಥದ್ದು ಅನೇಕ ಕಾಯಿಗಳ ಗೊಂಚಲು: ಒಣಗಿದಾಗ ಕೊಕ್ಕಿನಂತೆ ಬಾಯಿಬಿಡುವ ಪ್ರತಿ ಗೂಡಿನೊಳಗೂ ರೆಕ್ಕೆಯುಳ್ಳ ಒಂದು ಕಾಯಿ, ಅದರೊಳಗೆ ಬೀಜ. ಪೈನ್‌ನಲ್ಲಿ ಬೀಜಕ್ಕೆ ಅಂಡಾಶಯದ ಮುಚ್ಚಳವೇ ಇಲ್ಲ, ಕೋನಿನ ಪದರದ ಮೇಲೆ ಬರಿದಾಗಿ ಕೂತಿರುತ್ತದೆ. ಸಿಲ್ವರ್ ಓಕ್ ಆಸ್ಟ್ರೇಲಿಯಾದ ಗ್ರೆವಿಲಿಯಾ. ಓಕ್ ಅಲ್ಲ, ಪೈನ್ ಅಂತೂ ಅಲ್ಲವೇ ಅಲ್ಲ.

ಇದಕ್ಕೆ ತದ್ವಿರುದ್ಧವಾಗಿ ಮೋಸಗೊಳಿಸುವ ಗಿಡ ನಿಮ್ಮ ಘಟ್ಟದ ಕಾಡಿನಲ್ಲೇ ಇದೆ. ನೀಟಮ್ ಎಂಬ ದಪ್ಪ ಬಳ್ಳಿ. ಅಗಲ ಎಲೆ, ಜಾಲದಂಥ ನರ, ಕಾಯಿಯಂತೆ ಕಾಣುವ ತಿರುಳು ಹೊದಿಕೆ, ಯಾರು ನೋಡಿದರೂ ದ್ವಿದಳ ಸಸ್ಯವೆನ್ನುತ್ತಾರೆ. ಆದರೆ ಅದು ಪೈನ್‌ನಂತೆ ಅನಾವೃತ ಬೀಜ ಸಸ್ಯ, ಅಂದರೆ ಬೀಜಕ್ಕೆ ಅಂಡಾಶಯದ ಮುಚ್ಚಳವಿಲ್ಲದ್ದು. ಸೈಕಾಸ್ ಅದೇ ದೊಡ್ಡ ಗುಂಪಿನದು, ಈಜುವ ಗಂಡು ಕಣವನ್ನು ಅದು ಇನ್ನೂ ಬಿಟ್ಟಿಲ್ಲ. ಪರಾಗವೇನೋ ಗಾಳಿಯಲ್ಲೋ ಕೀಟದ ಮೂಲಕವೋ ಬರುತ್ತದೆ, ಕೊನೆಯ ಹೆಜ್ಜೆಯಲ್ಲಿ ಮಾತ್ರ ಪರಾಗನಾಳ ಒಡೆದು ಕಣ ಈಜಿ ಅಂಡಾಣು ಸೇರುತ್ತದೆ. ಗಿಂಕ್ಗೊ ಮತ್ತು ಸೈಕಾಸ್‌ಗಳಲ್ಲಿ ಇದನ್ನು 1896ರಲ್ಲಿ ಜಪಾನಿನ ಹಿರಾಸೆ ಮತ್ತು ಇಕೆನೊ ಕಂಡುಹಿಡಿದರು. ಸೈಕಾಸ್‌ನ ಗಂಡು ಕಣ ಬರಿಗಣ್ಣಿಗೆ ಚುಕ್ಕಿಯಾಗಿ ಕಾಣುವಷ್ಟು ದೊಡ್ಡದು.

ಪ್ರಶ್ನೆ: ಕಾಳುಮೆಣಸು ಏಕದಳವೋ ದ್ವಿದಳವೋ? ಮಗಳ ಪುಸ್ತಕದಲ್ಲಿ ದ್ವಿದಳ ಎಂದಿದೆ, ಇಂಟರ್‌ನೆಟ್ಟಿನಲ್ಲಿ ಎರಡೂ ಅಲ್ಲ ಎನ್ನುತ್ತಾರೆ.
— ಬೆಳೆಗಾರರು, ಸೋಮವಾರಪೇಟೆ

ಬೀಜದಳ ಎಣಿಸಿದರೆ ಎರಡು. ಮಗಳು ಪರೀಕ್ಷೆಯಲ್ಲಿ ದ್ವಿದಳ ಎಂದೇ ಬರೆಯಲಿ. ವಂಶ ಕೇಳಿದರೆ ಇಂಟರ್‌ನೆಟ್ಟಿನ ಮಾತು ಸರಿ. ಬೆಂಥಮ್ ಮತ್ತು ಹೂಕರ್ 1862ರಿಂದ 1883ರವರೆಗೆ ಪ್ರಕಟಿಸಿದ ಪದ್ಧತಿ ನಮ್ಮ ಕಾಲೇಜುಗಳಲ್ಲಿ ಇಂದಿಗೂ ಪಾಠವಾಗುತ್ತದೆ. ಅದರಲ್ಲಿ ದ್ವಿದಳ, ಅನಾವೃತ ಬೀಜ, ಏಕದಳ ಎಂಬ ಮೂರು ಭಾಗ. ಅನಾವೃತ ಬೀಜ ಸಸ್ಯಗಳನ್ನು ಎರಡರ ನಡುವೆ ಸಿಕ್ಕಿಸಿದ್ದು ಆಗಲೂ ವಿಚಿತ್ರವೇ. ಡಿಎನ್ಎ ಆಧಾರದ ಎಪಿಜಿ (ಆಂಜಿಯೋಸ್ಪರ್ಮ್ ಫೈಲೋಜೆನಿ ಗ್ರೂಪ್) ಎಂಬ ಹೂಗಿಡಗಳ ವರ್ಗೀಕರಣ ಪದ್ಧತಿ 1998ರಲ್ಲಿ ಬಂತು. ಅದರ ನಾಲ್ಕನೆಯ ಆವೃತ್ತಿ 2016ರದ್ದು, 64 ಗಣ, 416 ಕುಟುಂಬ. ಏಕದಳ ಒಂದೇ ವಂಶವಾಗಿ ಉಳಿಯಿತು. ದ್ವಿದಳ ಒಡೆಯಿತು. ಬಹುಪಾಲು ದ್ವಿದಳ ಸಸ್ಯಗಳು ಯೂಡೈಕಾಟ್ ಎಂಬ ಗುಂಪಾದವು. ಅವುಗಳ ಪರಾಗದಲ್ಲಿ ಮೂಲತಃ ಮೂರು ಸೀಳು. ಕಾಳುಮೆಣಸು, ವೀಳ್ಯದೆಲೆ, ದಾಲ್ಚಿನ್ನಿ, ಜಾಯಿಕಾಯಿ, ಸಂಪಿಗೆ, ಸೀತಾಫಲ, ಬೆಣ್ಣೆಹಣ್ಣು ಇವು ಬೇರೆಯಾಗಿ ಮ್ಯಾಗ್ನೋಲಿಡ್ ಎನಿಸಿಕೊಂಡವು. ಇವುಗಳ ಪರಾಗಕ್ಕೆ ಮೂಲತಃ ಒಂದೇ ಸೀಳು. ಸೀತಾಫಲದ ಹೂವಿನಲ್ಲಿ ಭಾಗಗಳು ಮೂರರ ಲೆಕ್ಕದಲ್ಲಿರುವುದನ್ನೂ ನೋಡಿ, ಏಕದಳದ ಲಕ್ಷಣವೆಂದು ಮಕ್ಕಳು ಕಲಿಯುವುದು ಅದನ್ನೇ. ಮೆಣಸಿನ ಬಳ್ಳಿಯನ್ನು ಅಡ್ಡ ಕೊಯ್ದರೆ ನಾಳಗಳು ಒಂದೇ ಉಂಗುರದಲ್ಲಿರದೆ ಒಳಗೂ ಹರಡಿರುತ್ತವೆ.

ನಿಮ್ಮ ತೋಟದ ಇನ್ನೊಂದು ಸಂಗತಿ ಇದಕ್ಕಿಂತ ಸ್ವಾರಸ್ಯದ್ದು. ಮೆಣಸು ಹಬ್ಬಿಸಿರುವ ಸಿಲ್ವರ್ ಓಕ್‌ಗೆ ಹತ್ತಿರದ ನೆಂಟ ಕೆರೆಯ ತಾವರೆ! ಎರಡೂ ಪ್ರೋಟಿಯೇಲ್ಸ್ ಗಣದವು. ತಾವರೆಯ ಜೊತೆಗೇ ಬೆಳೆಯುವ ನೈದಿಲೆ ಮಾತ್ರ ಹೂಗಿಡಗಳಲ್ಲಿ ಬಹಳ ಮೊದಲೇ ಬೇರೆಯಾದ ಕವಲು. ತಾವರೆಯ ಎಲೆ ಸೀಳಿಲ್ಲದ ಪೂರ್ತಿ ದುಂಡು, ನೀರಿನಿಂದ ಮೇಲೇಳುತ್ತದೆ, ಮೇಲೆ ಬಿದ್ದ ನೀರು ಮುತ್ತಾಗಿ ಜಾರುತ್ತದೆ. ನೈದಿಲೆಯ ಎಲೆಗೆ ತೊಟ್ಟಿನವರೆಗೂ ಸೀಳಿರುತ್ತದೆ, ಸಾಮಾನ್ಯವಾಗಿ ತೇಲುತ್ತದೆ.

ಪ್ರಶ್ನೆ: ಜಾಲಿಯ ಹೆಸರನ್ನು ಅಕೇಶಿಯಾದಿಂದ ಬದಲಿಸಿದ್ದೇಕೆ? ಹಳೆಯ ಪುಸ್ತಕಗಳನ್ನೆಲ್ಲ ಎಸೆಯಬೇಕೇ?
— ನಿವೃತ್ತ ಅರಣ್ಯ ಸಿಬ್ಬಂದಿ, ಚಿತ್ರದುರ್ಗ

ಅಕೇಶಿಯಾ ಒಂದೇ ವಂಶವಲ್ಲವೆಂದು ತಿಳಿದಾಗ ಕುಲವನ್ನು ಒಡೆಯಬೇಕಾಯಿತು. ಹೆಸರನ್ನು ಯಾರು ಇಟ್ಟುಕೊಳ್ಳಬೇಕೆಂಬ ಜಗಳ 2005ರ ವಿಯೆನ್ನಾ ಸಸ್ಯವಿಜ್ಞಾನ ಸಮ್ಮೇಳನದಲ್ಲಿ ಆಸ್ಟ್ರೇಲಿಯಾದ ಗಿಡಗಳ ಪರವಾಗಿ ತೀರ್ಮಾನವಾಯಿತು, 2011ರಲ್ಲಿ ಮೆಲ್ಬರ್ನ್‌ನಲ್ಲಿ ಖಾಯಂ ಆಯಿತು. ಹೀಗಾಗಿ ನಮ್ಮ ಕರಿಜಾಲಿ ವಾಚೆಲಿಯಾ, ಸೀಗೆ ಮತ್ತು ಕಾಚಿನ ಮರ ಸೆನೆಗಾಲಿಯಾ. ಮೈದಾನದಲ್ಲಿ ಗುರುತಿಸುವುದು ಸುಲಭ: ಎಲೆಯ ಬುಡದಲ್ಲಿ ಜೋಡಿ ನೇರ ಮುಳ್ಳಿದ್ದರೆ ವಾಚೆಲಿಯಾ, ಕೊಕ್ಕೆಯಂಥ ಬಾಗಿದ ಮುಳ್ಳಿದ್ದರೆ ಸೆನೆಗಾಲಿಯಾ. ನೆಡುತೋಪುಗಳಲ್ಲಿರುವ ಆಸ್ಟ್ರೇಲಿಯಾದ ಮರ ಅಕೇಶಿಯಾ ಆಗಿಯೇ ಉಳಿಯಿತು. ಅದರ ‘ಎಲೆ’ ಅಗಲವಾದ ತೊಟ್ಟು. ನರ್ಸರಿಯಲ್ಲಿ ಎಳೆ ಸಸಿ ನೋಡಿದರೆ ಮೊದಲ ಎಲೆಗಳು ಜಾಲಿಯಂತೆ ಗರಿಗರಿಯಾಗಿರುತ್ತವೆ.

ಕುಟುಂಬಗಳೂ ಬದಲಾಗಿವೆ. ತೇಗ ಹಳೆಯ ಪುಸ್ತಕಗಳಲ್ಲಿ ವರ್ಬಿನೇಸಿ ಕುಟುಂಬ, ಈಗ ತುಳಸಿಯ ಲೇಮಿಯೇಸಿ. ಎಕ್ಕ ಈಗ ಕಣಗಿಲೆಯ ಅಪೋಸೈನೇಸಿ, ಬೂರುಗ ದಾಸವಾಳದ ಮಾಲ್ವೇಸಿ. ಪುಸ್ತಕ ಎಸೆಯಬೇಡಿ, ಅದರ ವರ್ಣನೆ ಕೆಡುವುದಿಲ್ಲ, ಬದಲಾಗುವುದು ಹೆಸರು ಮಾತ್ರ. ಹಳೆಯ ಹೆಸರನ್ನು ಲಂಡನ್ನಿನ ಕ್ಯೂ ಸಸ್ಯೋದ್ಯಾನದ ‘ಪ್ಲಾಂಟ್ಸ್ ಆಫ್ ದ ವರ್ಲ್ಡ್ ಆನ್‌ಲೈನ್’ ತಾಣದಲ್ಲಿ ಹುಡುಕಿದರೆ ಈಗ ಒಪ್ಪಿತವಾದ ಹೆಸರು ಸಿಗುತ್ತದೆ. ಅದನ್ನು ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿಡಿ, ಪೆನ್ನು ಬೇಡ.

ಪ್ರಶ್ನೆ: ಮಸಾಲೆಗೆ ಹಾಕುವ ಕಲ್ಲುಹೂವು ಯಾವ ಸಸ್ಯದ ಹೂವು?
— ಓದುಗರು, ಹುಬ್ಬಳ್ಳಿ

ಹೂವೂ ಅಲ್ಲ, ಸಸ್ಯವೂ ಅಲ್ಲ. ಅದು ಲೈಕೆನ್: ಶಿಲೀಂಧ್ರದ ಎಳೆಗಳ ನಡುವೆ ಶೈವಲದ ಕೋಶಗಳು ಸೇರಿ ಬದುಕುವ ಜೋಡಿ. ವೈಜ್ಞಾನಿಕ ಹೆಸರು ಕೊಡುವುದು ಅದರ ಶಿಲೀಂಧ್ರಕ್ಕೆ. ಬಂಡೆ ಮತ್ತು ಮರದ ತೊಗಟೆಗಳಿಂದ ಕೆರೆದು ತರುವುದರಿಂದ ತೊಗಟೆಯ ಚೂರು, ಮಾಸ್, ಮಣ್ಣು ಬೆರೆತಿರುತ್ತವೆ. ಹುರಿಯುವ ಮೊದಲು ಬಿಡಿಸಿ ಆರಿಸಿಕೊಳ್ಳಿ.